ಕಣ್ಣು ಮುಚ್ಚಿದ್ರೂ ಕೈಗೆ ಸಿಗಬೇಕು

ಕಳೆದ ಕಂತಿನಲ್ಲಿ ಹ್ಯಾಮ್ ರೇಡಿಯೋ ಬಗ್ಗೆ ಮಾತಾಡಿದ ಮೇಲೆ ನಿಮ್ಮಲ್ಲಿ ಹಲವರು ಕೇಳಿದ್ದು ಒಂದೇ ಪ್ರಶ್ನೆ: "ಲೈಸೆನ್ಸ್ ಬಂತು, ಯಾವ ರೇಡಿಯೋ ತಗೊಳ್ಲಿ?" ನನ್ನ ಉತ್ತರ ಕೆಲವರಿಗೆ ಹಿಡಿಸಲ್ಲ. ರಿಸೀವರಿನ ಅಂಕಿಸಂಖ್ಯೆ ಆಮೇಲೆ ನೋಡಿ. ಮೊದಲು ರೇಡಿಯೋದ ಮುಖ ನೋಡಿ, ಅಂದ್ರೆ ಮುಂದಿನ ಪ್ಯಾನೆಲ್.

ಯಾಕೆ ಅಂತ ಹೇಳ್ತೀನಿ. ಜನವರಿಯ ವಿಂಟರ್ ಫೀಲ್ಡ್ ಡೇ, ಮಿಶಿಗನ್ನಿನ ಚಳಿ, ರಾತ್ರಿ ಟೆಂಟಿನೊಳಗೆ ಕೂತಿದ್ದೆ. ಕ್ಷೀಣವಾದ ಮೋರ್ಸ್ ಸಿಗ್ನಲ್ ಒಂದು ಕೇಳಿಸ್ತಿತ್ತು. ಅಷ್ಟರಲ್ಲಿ ಪಕ್ಕದ ಟೆಂಟಿನವರು ಟ್ರಾನ್ಸ್‌ಮಿಟ್ ಶುರು ಮಾಡಿದ್ರು, ನನ್ನ ರಿಸೀವರ್ ಕಿವುಡಾಯ್ತು. ತಕ್ಷಣ ಅಟೆನ್ಯುಯೇಟರ್ ಹಾಕಬೇಕು. ಅದು ಇದ್ದದ್ದು ಟಚ್‌ಸ್ಕ್ರೀನ್ ಮೆನುವಿನ ಮೂರನೇ ಪುಟದಲ್ಲಿ. ಗ್ಲೌಸ್ ಹಾಕಿದ ಬೆರಳಿಗೆ ಸ್ಕ್ರೀನ್ ಸ್ಪಂದಿಸಲಿಲ್ಲ. ಗ್ಲೌಸ್ ಕಿತ್ತು, ಪುಟ ದಾಟಿ, ಹುಡುಕೋ ಹೊತ್ತಿಗೆ ಆ ಸ್ಟೇಷನ್ ಹೊರಟೇ ಹೋಗಿತ್ತು.

ನಿಮ್ಮಮ್ಮನ ಒಗ್ಗರಣೆ ಡಬ್ಬಿ ನೆನಪಿಸ್ಕೊಳ್ಳಿ. ಎಣ್ಣೆ ಕಾದಾಗ ಸಾಸಿವೆ ಎಲ್ಲಿ ಅಂತ ಅವರು ಹುಡುಕಲ್ಲ, ಕೈ ತಾನಾಗೇ ಹೋಗುತ್ತೆ. ಇವತ್ತು ಸಾಸಿವೆ ಇದ್ದ ಬಟ್ಟಲಲ್ಲಿ ನಾಳೆ ಮೆಂತ್ಯ ಇದ್ರೆ? ಈಗಿನ ರೇಡಿಯೋಗಳ ಮಲ್ಟಿ-ಫಂಕ್ಷನ್ ನಾಬ್ ಅಂದ್ರೆ ಅದೇ.

ನನ್ನ ವಾದ ಇಷ್ಟೇ. ಕೇಳುತ್ತಾ, ಮಾತಾಡುತ್ತಾ ಬಳಸುವ ವಾಲ್ಯೂಮ್, ಆರ್‌ಎಫ್ ಗೇನ್, ಫಿಲ್ಟರ್, ಅಟೆನ್ಯುಯೇಟರ್, ಸ್ಪ್ಲಿಟ್ ಇವಕ್ಕೆಲ್ಲ ಸ್ವಂತ ಜಾಗ ಬೇಕು. ವರ್ಷಕ್ಕೊಮ್ಮೆ ಮುಟ್ಟುವುದು ಮೆನುವಿನಲ್ಲಿರಲಿ. ಸ್ಪ್ಲಿಟ್ ವಿಷಯವನ್ನೇ ತಗೊಳ್ಳಿ. ಎಲ್ಲರೂ ಮುಗಿಬಿದ್ದು ಕರೆಯುವ ಅಪರೂಪದ ಸ್ಟೇಷನ್ ಒಂದು ಫ್ರೀಕ್ವೆನ್ಸಿಯಲ್ಲಿ ಮಾತಾಡಿ, ಕೆಲವು ಕಿಲೋಹರ್ಟ್ಸ್ ಮೇಲೆ ಕೇಳುತ್ತೆ. ಸ್ಪ್ಲಿಟ್ ಆನ್ ಇದೆಯೋ ಇಲ್ವೋ ಒಂದೇ ನೋಟಕ್ಕೆ ಗೊತ್ತಾಗದಿದ್ರೆ, ನೀವು ಅವರ ತಲೆ ಮೇಲೇ ಕರೀತೀರ. ಸುತ್ತಲಿನವರೆಲ್ಲ "ಅಪ್! ಅಪ್!" ಅಂತ ಗದರ್ತಾರೆ. ಹೊಸಬರು ನಾಚಿಕೊಂಡು ಮೈಕ್ ಕೆಳಗಿಡ್ತಾರೆ. ಅರ್ಧ ತಪ್ಪು ಪ್ಯಾನೆಲ್‌ದು. ಹೆಸರುಗಳಲ್ಲೂ ಒಮ್ಮತ ಇಲ್ಲ: ಕೆನ್‌ವುಡ್ ಆರ್‌ಐಟಿ ಅನ್ನೋದನ್ನ ಯಾಯೆಸು ಕ್ಲಾರಿಫೈಯರ್ ಅನ್ನುತ್ತೆ.

ಹಳೇದೆಲ್ಲ ಚಿನ್ನ ಅಂತ ನಾನು ಹೇಳ್ತಿಲ್ಲ. 1970ರ ದಶಕದ ಕೆನ್‌ವುಡ್ ಟಿಎಸ್-520ರಲ್ಲಿ ಬ್ಯಾಂಡ್ ಬದಲಿಸಿದಾಗಲೆಲ್ಲ ಡ್ರೈವ್, ಪ್ಲೇಟ್, ಲೋಡ್ ಮೂರನ್ನೂ ಹೊಂದಿಸಬೇಕಿತ್ತು. ತಡವಾದ್ರೆ ವಾಲ್ವ್‌ಗೆ ಪೆಟ್ಟು. ಸ್ಕ್ರೀನ್ ಕೂಡ ಶತ್ರುವಲ್ಲ. 2016ರಲ್ಲಿ ಬಂದ ಐಕಾಮ್ ಐಸಿ-7300ರ ವಾಟರ್‌ಫಾಲ್‌ನಲ್ಲಿ ಬ್ಯಾಂಡ್‌ನ ಚಟುವಟಿಕೆ ಕಣ್ಣಿಗೇ ಕಾಣುತ್ತೆ. ನೋಡೋಕೆ ಸ್ಕ್ರೀನ್ ಇರಲಿ, ಮಾಡೋಕೆ ನಾಬ್ ಇರಲಿ.

"ಸಣ್ಣ ಪೆಟ್ಟಿಗೆ, ಜಾಗ ಎಲ್ಲಿದೆ?" ಅಂತೀರಾ? ಎಲೆಕ್ರಾಫ್ಟ್ ಕೆಎಕ್ಸ್3 ಬ್ಯಾಗಿನಲ್ಲಿ ಹಿಡಿಸುವಷ್ಟು ಚಿಕ್ಕದು. ಅದರ ಬಟನ್ ತಟ್ಟಿದ್ರೆ ಒಂದು ಕೆಲಸ, ಒತ್ತಿ ಹಿಡಿದ್ರೆ ಇನ್ನೊಂದು. ಎರಡೂ ಹೆಸರು ಪ್ಯಾನೆಲ್ ಮೇಲೇ ಅಚ್ಚಾಗಿವೆ. ಮನಸ್ಸಿದ್ದರೆ ಮಾರ್ಗ.

ಇದು ಬರೀ ಹವ್ಯಾಸಿಗಳ ಗೊಣಗಾಟ ಅಲ್ಲ. 2017ರ ಆಗಸ್ಟ್‌ನಲ್ಲಿ ಸಿಂಗಾಪುರದ ಬಳಿ ಅಮೆರಿಕದ ಯುದ್ಧನೌಕೆ ಜಾನ್ ಎಸ್. ಮೆಕೇನ್ ಟ್ಯಾಂಕರ್‌ಗೆ ಡಿಕ್ಕಿ ಹೊಡೆದು 10 ನಾವಿಕರು ಸತ್ತರು. ಚುಕ್ಕಾಣಿ ಮತ್ತು ವೇಗದ ಟಚ್‌ಸ್ಕ್ರೀನ್ ನಿಯಂತ್ರಣದ ಗೊಂದಲವೂ ತನಿಖೆಯಲ್ಲಿ ಹೊರಬಿತ್ತು. ವೇಗಕ್ಕೆ ಮತ್ತೆ ಕೈಹಿಡಿಕೆ ತರ್ತೀವಿ ಅಂತ 2019ರಲ್ಲಿ ನೌಕಾಪಡೆಯೇ ಹೇಳಿತು. ನಮ್ಮ ರೇಡಿಯೋದಲ್ಲಿ ಜೀವ ಹೋಗಲ್ಲ ನಿಜ. ಆದ್ರೆ ಚಂಡಮಾರುತ ಬಂದು ಫೋನ್ ಸತ್ತಾಗ ಕೆಲಸಕ್ಕೆ ಬರೋದು ಇದೇ ರೇಡಿಯೋ. ಇನ್ನು ಕಣ್ಣು ಕಾಣದ ಹ್ಯಾಮ್‌ಗಳು ನಮ್ಮ ನಡುವೆ ಎಷ್ಟೋ ಜನ ಇದ್ದಾರೆ. ಬೆರಳಿಗೆ ಸಿಗೋ ನಾಬ್ ಅವರಿಗೆ ಬಾಗಿಲು. ನುಣುಪಾದ ಗಾಜು, ಧ್ವನಿ ಸಹಾಯವೂ ಇಲ್ಲದಿದ್ರೆ, ಗೋಡೆ.

ಹಾಗಾಗಿ ದುಡ್ಡು ಕೊಡೋ ಮೊದಲು ಕ್ಲಬ್ಬಿನಲ್ಲೋ ಅಂಗಡಿಯಲ್ಲೋ ಆ ರೇಡಿಯೋ ಮುಂದೆ ಹತ್ತು ನಿಮಿಷ ಕೂತ್ಕೊಳ್ಳಿ. ಆಮೇಲೆ ಕಣ್ಣು ಮುಚ್ಚಿ. ವಾಲ್ಯೂಮ್ ಇಳಿಸಿ, ಫಿಲ್ಟರ್ ಕಿರಿದು ಮಾಡಿ, ಸ್ಪ್ಲಿಟ್ ಹಾಕಿ. ಕೈ ತಡಕಾಡಿದ್ರೆ ಪೆಟ್ಟಿಗೆ ಅಲ್ಲೇ ಬಿಟ್ಟು ಎದ್ದು ಬನ್ನಿ. ನಾವು ಕೊಳ್ಳೋದು ನಿಲ್ಲಿಸಿದ್ರೆ ಅವರು ನಾಬ್ ಹಾಕೋದು ಶುರು ಮಾಡ್ತಾರೆ.