ಕಾವೇರಿಯ ಮಾತನ್ನ ಯಾರು ನಂಬ್ತಾರೆ?

ಸರಸ್ವತಿಪುರಂನ ಒಂದು ಮನೆಯ ಮಹಡಿಯಲ್ಲಿ ನಾವು ಎಂಟು ಹತ್ತು ಜನ ತಿಂಗಳಿಗೊಮ್ಮೆ ಸೇರ್ತೀವಿ. ಎಲ್ಲರೂ ಕೆಲಸಕ್ಕೆ ಹೋಗೋರೇ. ಐಟಿಯವರೇ ಹೆಚ್ಚು, ಇಬ್ಬರು ಬ್ಯಾಂಕಿನವರು, ಒಬ್ಬಳು ಹಲ್ಲಿನ ಡಾಕ್ಟರು. ಒಂದು ಪುಸ್ತಕ, ಒಂದು ಫ್ಲಾಸ್ಕ್ ಕಾಫಿ, ಒಂದು ಪೊಟ್ಟಣ ಕೋಡುಬಳೆ. ಈಗ ಕೆಲವು ತಿಂಗಳಿಂದ ಐರ್ಲೆಂಡಿನ ಲೇಖಕಿಯರನ್ನ ಓದ್ತಾ ಇದ್ದೀವಿ. ಆನಾ ಬರ್ನ್ಸ್ ಬರೆದ ‘ಮಿಲ್ಕ್‌ಮನ್’ ಮುಗಿಸಿದ ದಿನವಂತೂ ಹಬ್ಬವೇ. 2018ರ ಬೂಕರ್ ಗೆದ್ದ ಕಾದಂಬರಿ. ಅದರಲ್ಲಿ ಕಥೆ ಹೇಳೋ ಹುಡುಗಿಗೆ ಹೆಸರಿಲ್ಲ, ಅವಳ ಊರಿಗೂ ಹೆಸರಿಲ್ಲ. ಬಂದೂಕು ಹಿಡಿದ ಗುಂಪಿನ ದೊಡ್ಡ ಮನುಷ್ಯನೊಬ್ಬ ಅವಳ ಬೆನ್ನು ಬೀಳ್ತಾನೆ. ಅವಳೇ ಅವನ ಹಿಂದೆ ಹೋದಳು ಅಂತ ಊರು ಮಾತಾಡುತ್ತೆ. ಅವಳು ಏನು ಹೇಳಿದರೂ ಯಾರೂ ನಂಬಲ್ಲ. ಹೆಸರಿಲ್ಲದಿರೋದೇ ಇಲ್ಲಿ ತಂತ್ರ, ಈ ಗಾಸಿಪ್ಪಿನ ಊರಲ್ಲಿ ಹೆಣ್ಣಿಗೆ ಸ್ವಂತ ಹೆಸರು ಉಳಿಯೋದೇ ಇಲ್ಲ ಅಂತೆಲ್ಲ ಎರಡು ಗಂಟೆ ಚರ್ಚೆ ಮಾಡಿದ್ವಿ. ಚೆನ್ನಾಗಿತ್ತು.

ಹೊರಡೋ ಹೊತ್ತಿಗೆ ನಾನು ಹೇಳಿದೆ, "ಮುಂದಿನ ತಿಂಗಳು ತ್ರಿವೇಣಿಯವರ ‘ಶರಪಂಜರ’ ಓದೋಣವಾ?"

ಒಂದು ಕ್ಷಣ ಮೌನ. ಆಮೇಲೆ ಗೆಳತಿ ನಕ್ಕಳು. "ಅಯ್ಯೋ, ಅದು ನಮ್ಮಜ್ಜಿ ಓದ್ತಿದ್ದಿದ್ದು ಕಣೇ. ಕಥೆ ಇದೆ, ಸರಿ. ಟೆಕ್ನಿಕ್ ಏನಿದೆ ಅದರಲ್ಲಿ?"

ಅಲ್ಲಿ ಉತ್ತರ ಕೊಡೋಕೆ ಆಗಲಿಲ್ಲ. ಇಲ್ಲಿ ಕೊಡ್ತೀನಿ.

ಕನ್ನಡದಲ್ಲಿ ನಾವು ಒಂದು ಹಂಚಿಕೆ ಮಾಡಿಟ್ಟಿದ್ದೀವಿ. ಗಂಡಸು ಬರೆದರೆ ತಂತ್ರ, ಹೆಂಗಸು ಬರೆದರೆ ಅನುಭವ. ನವ್ಯದ ನಾಯಕ ತನ್ನ ತಲೆಯೊಳಗೆ ತಾನೇ ಸುತ್ತಿದರೆ ಅದು ಪ್ರಜ್ಞೆಯ ಶೋಧನೆ. ಹೆಣ್ಣೊಬ್ಬಳು ಅಡುಗೆಮನೆಯಲ್ಲಿ ನಿಂತು ತನ್ನ ತಲೆಯೊಳಗೆ ಸುತ್ತಿದರೆ ಅದು ಮನೆವಾರ್ತೆ, ಕಣ್ಣೀರು, ಅಜ್ಜಿಯರ ಸಾಹಿತ್ಯ. ‘ಸಂಸ್ಕಾರ’ ದೊಡ್ಡ ಕಾದಂಬರಿ, ನನಗೂ ಇಷ್ಟ. ಆದರೆ ಗಮನಿಸಿ: ಇಡೀ ಅಗ್ರಹಾರ ಶಾಸ್ತ್ರ ಹುಡುಕುತ್ತಾ ಕೂತಿದ್ದಾಗ ಹೆಣ ಸುಡಿಸೋ ಧೈರ್ಯ ಮಾಡಿದವಳು ಚಂದ್ರಿ. ಅವಳು ಕುಂದಾಪುರದ ದಾರಿ ಹಿಡೀತಾಳೆ, ಕಾದಂಬರಿ ಮಾತ್ರ ಆಚಾರ್ಯರ ಹಿಂದೆ ಹೋಗುತ್ತೆ. ಯಾರ ಹಿಂದೆ ಹೋಗಬೇಕು ಅನ್ನೋದೂ ಒಂದು ತೀರ್ಮಾನ. ತಂತ್ರ ಅಂದರೆ ಮೊದಲು ಅದೇ ಅಲ್ಲವಾ?

ಈಗ ‘ಶರಪಂಜರ’ಕ್ಕೆ ಬನ್ನಿ. ಕಾವೇರಿಗೆ ಬಾಣಂತನದಲ್ಲಿ ಮನಸ್ಸು ಕೆಡುತ್ತೆ. ಆಸ್ಪತ್ರೆ, ಚಿಕಿತ್ಸೆ. ವಾಸಿಯಾಗಿ ಮನೆಗೆ ಬರ್ತಾಳೆ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಶುಭಂ ಹಾಕಿಬಿಡ್ತಿದ್ದರು. ತ್ರಿವೇಣಿಗೆ ನಿಜವಾದ ಕಥೆ ಶುರುವಾಗೋದೇ ಅಲ್ಲಿ. ವಾಸಿಯಾಗಿದೆ ಅಂತ ಕಾವೇರಿಗೆ ಗೊತ್ತು, ಓದುವ ನಮಗೂ ಗೊತ್ತು. ಮನೆಗೆ, ಬೀದಿಗೆ ಗೊತ್ತಿಲ್ಲ, ಗೊತ್ತಾಗೋದು ಬೇಕಾಗೂ ಇಲ್ಲ. ಅವಳು ಕೋಪ ಮಾಡಿಕೊಂಡರೆ ‘ಮತ್ತೆ ಶುರುವಾಯ್ತು’. ನಕ್ಕರೂ ಅದೇ. ಹೀಗೆ ನಮ್ಮನ್ನ ಅವಳ ಪಕ್ಕದಲ್ಲಿ ಸಾಕ್ಷಿಯ ಹಾಗೆ ನಿಲ್ಲಿಸಿ, ಬಾಯಿ ಕಟ್ಟಿಬಿಡ್ತಾರೆ ಲೇಖಕಿ. ನಮಗೆ ಗೊತ್ತಿರೋದಕ್ಕೂ ಮನೆಯವರು ನಂಬೋದಕ್ಕೂ ನಡುವೆ ಇರೋ ಅಂತರ ಪುಟ ಪುಟಕ್ಕೂ ದೊಡ್ಡದಾಗ್ತಾ ಹೋಗಿ, ಕೊನೆಗೆ ಅವಳನ್ನ ಮತ್ತೆ ಆಸ್ಪತ್ರೆಯ ಬಾಗಿಲಿಗೆ ತಂದು ಬಿಡುತ್ತೆ. ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿದ ಲೇಖಕಿ ಇದನ್ನ ಮಾಡಿದರೆ ನಾವು ಕೋಡುಬಳೆ ಮುರಿಯೋದನ್ನೂ ಮರೆತು ಕೇಳ್ತೀವಿ. ಚಾಮರಾಜಪುರಂನಲ್ಲಿ ಬಾಳಿದವರು ಮಾಡಿದರೆ, ‘ಟೆಕ್ನಿಕ್ ಏನಿದೆ?’

ತ್ರಿವೇಣಿ ಮನಃಶಾಸ್ತ್ರ ಓದಿದವರು. ಇಪ್ಪತ್ತು ಕಾದಂಬರಿ ಬರೆದು, 1963ರಲ್ಲಿ, ಇನ್ನೂ 35 ತುಂಬೋ ಮೊದಲೇ, ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆ ಮನೆಯೀಗ ಅವರ ನೆನಪಿನ ಮ್ಯೂಸಿಯಂ. ನಮ್ಮ ಗುಂಪಿನಲ್ಲಿ ಎಷ್ಟು ಜನ ಒಳಗೆ ಹೋಗಿದ್ದಾರೆ ಕೇಳಿದೆ. ಯಾರೂ ಇಲ್ಲ.

ಹಾಗಾದರೆ ಕಾವೇರಿ ನಮಗೆ ಹೇಗೆ ಗೊತ್ತು? 1971ರ ಪುಟ್ಟಣ್ಣ ಕಣಗಾಲರ ಸಿನಿಮಾದಿಂದ. ಕಲ್ಪನಾ ಅಭಿನಯಕ್ಕೆ ನನ್ನ ತಕರಾರಿಲ್ಲ. ಆದರೆ ಪುಸ್ತಕದಲ್ಲಿ ನಾವು ಕಾವೇರಿಯ ಜೊತೆ ನಿಂತು ಮನೆಯನ್ನ ನೋಡ್ತೀವಿ, ತೆರೆಯ ಮೇಲೆ ಎದುರು ಕೂತು ಅವಳನ್ನ ನೋಡ್ತೀವಿ. ನಮ್ಮ ಕಾಲೇಜ್ ಡೇಗಳಲ್ಲಿ ಕಲ್ಪನಾ ಮಿಮಿಕ್ರಿ ಅಂದರೆ ಯಾವ ದೃಶ್ಯ ಮಾಡ್ತಿದ್ದರು, ನೆನಪಿಸಿಕೊಳ್ಳಿ. ಕೂದಲು ಕೆದರಿದ ದೃಶ್ಯ. ವಾಸಿಯಾದವಳನ್ನ ಯಾರೂ ನಂಬದ ದೃಶ್ಯವನ್ನಲ್ಲ. ನಾವೂ ಚಪ್ಪಾಳೆ ಹೊಡೆದಿದ್ದೀವಿ.

ಇದು ಹಳೇ ಕಥೆ ಅಂತೀರಾ? 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿ ಅನುವಾದದ ‘ಹಾರ್ಟ್ ಲ್ಯಾಂಪ್’ಗೆ, ಅಂತಾರಾಷ್ಟ್ರೀಯ ಬೂಕರ್ ಬಂತು. ಸೆಪ್ಟೆಂಬರಿನಲ್ಲಿ ಅವರು ಚಾಮುಂಡಿ ಬೆಟ್ಟದಲ್ಲಿ ದಸರಾ ಉದ್ಘಾಟಿಸಿದರು. ಅದಕ್ಕೂ ಮೊದಲು ಊರೆಲ್ಲ ವಾದ. ಅವರು ಬರಬಹುದಾ, ಪುಷ್ಪಾರ್ಚನೆ ಮಾಡಬಹುದಾ ಅಂತ ಸುಪ್ರೀಂ ಕೋರ್ಟಿನ ತನಕ ಹೋಯ್ತು. ಕೋರ್ಟು ತಡೆಯಲಿಲ್ಲ, ಒಳ್ಳೆಯದಾಯ್ತು. ಆದರೆ ಅಷ್ಟೂ ವಾರ ನನ್ನ ವಾಟ್ಸಾಪ್ ಗುಂಪುಗಳಲ್ಲಿ ಆ ಕಥೆಗಳು ಹೇಗೆ ಬರೆದಿವೆ ಅಂತ ಒಂದು ಸಾಲೂ ಬರಲಿಲ್ಲ. ಬೈದವರೂ ಓದಿರಲಿಲ್ಲ, ಹೊಗಳಿದವರಲ್ಲೂ ಬಹಳ ಜನ ಓದಿರಲಿಲ್ಲ. ‘ಒಮ್ಮೆ ಹೆಣ್ಣಾಗು ಪ್ರಭುವೇ!’ ಕಥೆಯಲ್ಲಿ ಒಬ್ಬ ಹೆಂಗಸು ನೇರ ದೇವರ ಜೊತೆ ಮಾತಾಡ್ತಾಳೆ, ಅಹವಾಲು ಸಲ್ಲಿಸೋ ಹಾಗೆ. ಲೇಖಕಿ ವಕೀಲರು ಕೂಡ ಅನ್ನೋದು ನೆನಪಿರಲಿ. ಗಂಡ ಕೇಳಲ್ಲ, ತವರು ಕೇಳಲ್ಲ. ಅದಕ್ಕೇ ಅವಳು ಎಲ್ಲರನ್ನೂ ದಾಟಿ ಮೇಲಿನವನಿಗೇ ಅರ್ಜಿ ಹಾಕೋದು. ‘ನೀನು’ ಅಂತ ಯಾರನ್ನ ಕರೀತಾಳೆ ಅನ್ನೋದರಲ್ಲೇ ಇಡೀ ಸಮಾಜದ ಮೇಲಿನ ತೀರ್ಪಿದೆ. ಇದು ತಂತ್ರ ಅಲ್ಲದಿದ್ದರೆ ಇನ್ನೇನು?

ತ್ರಿವೇಣಿಯಲ್ಲಿ ಕೊರತೆ ಇಲ್ಲವಾ? ಇದೆ. ಕೆಲವು ಕಡೆ ಭಾವುಕತೆ ಜಾಸ್ತಿ, ಕೆಲವು ಸಂಭಾಷಣೆ ಭಾಷಣವಾಗುತ್ತೆ. ಬೇಕಾದರೆ ಅದರ ಮೇಲೆ ಜಗಳ ಆಡೋಣ. ಹೆಂಗಸು ಬರೆದಿದ್ದೆಲ್ಲ ಚೆನ್ನ ಅಂತ ನಾನು ಹೇಳ್ತಿಲ್ಲ, ಹೆಂಗಸಿನ ಬಾಯಲ್ಲೇ ಕಥೆ ಇರಬೇಕು ಅಂತಲೂ ಇಲ್ಲ. ಐರ್ಲೆಂಡಿನ ಕ್ಲೇರ್ ಕೀಗನ್ ಹೆಣ್ಣುಮಕ್ಕಳನ್ನ ಕೂಡಿಹಾಕಿದ ಮಠದ ಕಥೆಯನ್ನ ಕಲ್ಲಿದ್ದಲು ಮಾರೋ ಗಂಡಸಿನ ಕಣ್ಣಲ್ಲೇ ಹೇಳಿದ್ದಾರೆ. ಕಂಡೂ ಸುಮ್ಮನಿದ್ದ ಊರಿನವರಲ್ಲಿ ಅವನೂ ಒಬ್ಬ, ಅದಕ್ಕೇ ಆ ಆಯ್ಕೆ ಚುಚ್ಚುತ್ತೆ. ನಾನು ಕೇಳ್ತಿರೋದು ಇಷ್ಟೇ: ಅವರಿಗೆ ಕೇಳೋ ಪ್ರಶ್ನೆಗಳನ್ನೇ ನಮ್ಮವರಿಗೂ ಕೇಳಿ. ಯಾರು ಹೇಳ್ತಿದ್ದಾರೆ, ಯಾರಿಗೆ ಹೇಳ್ತಿದ್ದಾರೆ, ಯಾರು ನಂಬ್ತಿಲ್ಲ?

ನನಗೆ ಇದು ಬರೀ ಸಾಹಿತ್ಯದ ಜಗಳ ಅಲ್ಲ. ಎರಡು ವರ್ಷದ ಹಿಂದೆ ಹೆರಿಗೆಯಾದ ಮೇಲೆ ಏಳು ತಿಂಗಳು ನಾನು ಕತ್ತಲಲ್ಲಿದ್ದೆ. ಡಾಕ್ಟರು, ಮಾತ್ರೆ, ಕೌನ್ಸೆಲಿಂಗು. ಈಗ ಚೆನ್ನಾಗಿದ್ದೀನಿ. ಆದರೆ ಅತ್ತೆ ಈಗಲೂ ಮಗುಗೆ ನಾನು ಸ್ನಾನ ಮಾಡಿಸೋವಾಗ ಬಚ್ಚಲಮನೆ ಬಾಗಿಲಲ್ಲೇ ಏನೋ ಕೆಲಸ ಹುಡುಕಿಕೊಂಡು ನಿಲ್ತಾರೆ. ಕೆಟ್ಟವರಲ್ಲ, ಭಯ ಅಷ್ಟೇ. ಅವರ ಕೈಲಿ ಹಾಲು ಉಕ್ಕಿದರೆ ಮರೆವು, ನನ್ನ ಕೈಲಿ ಉಕ್ಕಿದರೆ ಲಕ್ಷಣ. ಆಫೀಸಿನಲ್ಲಿ ನಾನು ಮುಂದುವರಿಸಬೇಕಿದ್ದ ಪ್ರಾಜೆಕ್ಟನ್ನ ಬೇರೆಯವರಿಗೆ ಕೊಟ್ಟು, "ನಿಮ್ಮ ಒಳ್ಳೇದಕ್ಕೇ, ಒತ್ತಡ ಬೇಡ" ಅಂದರು. ನಾನು ವಾದ ಮಾಡಬಹುದಿತ್ತು. ಮಾಡಿದ್ದರೆ ದನಿ ಏರುತ್ತಿತ್ತು. ದನಿ ಏರಿದ್ದರೆ, ನೋಡಿ, ಮತ್ತೆ ಶುರುವಾಯ್ತು.

ಆ ದಿನ ಸಂಜೆ ಅಮ್ಮನ ಬೀರುವಿನಿಂದ ‘ಶರಪಂಜರ’ ತೆಗೆದು ಓದಿದೆ. ನನ್ನ ಮನೆಯಲ್ಲಿ ನಡೀತಿರೋದನ್ನ ಅರವತ್ತು ವರ್ಷದ ಹಿಂದೆಯೇ ಒಬ್ಬರು ಒಳಗಡೆಯಿಂದ ನೋಡಿ ಬರೆದಿಟ್ಟಿದ್ದರು. ಮೊದಲ ಸಲ ನನ್ನ ಮಾತನ್ನ ಯಾರೋ ನಂಬಿದರು ಅನ್ನಿಸ್ತು.

ಅದಕ್ಕೇ ಗೆಳತಿ, ಮುಂದಿನ ಭಾನುವಾರ ‘ಶರಪಂಜರ’. ಚರ್ಚೆ ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಚಾಮರಾಜಪುರಂಗೂ ಹೋಗಿ ಬರೋಣ. ಕೋಡುಬಳೆ ನಾನೇ ತರ್ತೀನಿ. ನೀನು ಅಜ್ಜಿಯ ಪ್ರತಿ ಹುಡುಕಿ ತಾ. ಅವರು ಯಾವ ಸಾಲಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದಾರೆ ನೋಡೋಣ.