ಒಂದು ಬಕೆಟ್ ಬಿಸಿನೀರಿನ ಬೆಲೆ

ಕಳೆದ ಚಳಿಗಾಲದಲ್ಲಿ, ಶಕ್ತಿಯ ಪಾಠ ಮುಗಿದ ಮೇಲೆ, ಭದ್ರಾವತಿಯ ನಮ್ಮ ಶಾಲೆಯ ಒಂಬತ್ತನೇ ತರಗತಿಯ ಮಕ್ಕಳಿಗೆ ಒಂದು ಮನೆಗೆಲಸ ಕೊಟ್ಟಿದ್ದೆ. 'ನಿಮ್ಮ ಮನೆಯಲ್ಲಿ ಒಂದು ಬಕೆಟ್ ಸ್ನಾನದ ನೀರು ಕಾಯಿಸಲು ಎಷ್ಟು ಖರ್ಚಾಗುತ್ತದೆ?' ಹೆಚ್ಚಿನವರು ಗೀಸರಿನದೋ ಕಾಯಿಲಿನದೋ ಲೆಕ್ಕ ಬರೆದು ತಂದರು. ಹುಡುಗಿಯೊಬ್ಬಳು ಮಾತ್ರ ಹೀಗೆ ಬರೆದಿದ್ದಳು: 'ನಮ್ಮದು ಹಂಡೆ ಒಲೆ. ಸೌದೆ ಅಮ್ಮ ತರುತ್ತಾರೆ. ಖರ್ಚು ಸೊನ್ನೆ.'

ಕೆಂಪು ಪೆನ್ನು ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಸರಿ ಹಾಕಲೇ, ತಪ್ಪು ಹಾಕಲೇ?

ಮೊದಲು ಸುಲಭದ ಲೆಕ್ಕ ನೋಡೋಣ. ಒಂದು ಲೀಟರ್ ನೀರು ಒಂದು ಡಿಗ್ರಿ ಬಿಸಿಯಾಗಲು ಒಂದು ಕಿಲೋ ಕ್ಯಾಲೊರಿ ಶಾಖ ಬೇಕು. ಬಕೆಟ್ಟಿಗೆ 20 ಲೀಟರ್ ನೀರು, 22 ಡಿಗ್ರಿಯಿಂದ 42 ಡಿಗ್ರಿಗೆ ಏರಬೇಕು ಎನ್ನಿ. ಒಟ್ಟು 400 ಕಿಲೋ ಕ್ಯಾಲೊರಿ. ಯಾವ ಉರುವಲು ತಂದರೂ ನೀರು ಕೇಳುವುದು ಇಷ್ಟೇ. ವ್ಯತ್ಯಾಸವಾಗುವುದು ದಾರಿಯಲ್ಲಿ ಸೋರಿಹೋಗುವ ಶಾಖದಲ್ಲಿ.

ಒಂದು ಯೂನಿಟ್ ವಿದ್ಯುತ್ತಿನಲ್ಲಿ 860 ಕಿಲೋ ಕ್ಯಾಲೊರಿ ಇದೆ. ಕಾಯಿಲ್ ನೀರಿನೊಳಗೇ ಮುಳುಗಿರುವುದರಿಂದ ಹೆಚ್ಚುಕಮ್ಮಿ ಎಲ್ಲವೂ ನೀರಿಗೇ ಸೇರುತ್ತದೆ. ಅರ್ಧ ಯೂನಿಟ್ಟಿಗೂ ಒಂದಿಷ್ಟು ಕಡಿಮೆ ಸಾಕು. ತೆರಿಗೆ ಸೇರಿಸಿ ಯೂನಿಟ್ಟಿಗೆ 7 ರೂಪಾಯಿ ಹಿಡಿದರೆ ಬಕೆಟ್ಟಿಗೆ ಮೂರೂಕಾಲು ರೂಪಾಯಿ. ಅಡುಗೆ ಅನಿಲದ 14.2 ಕೆ.ಜಿ. ಸಿಲಿಂಡರಿಗೆ 900 ರೂಪಾಯಿ ಎಂದಿಟ್ಟುಕೊಂಡು, ಪಾತ್ರೆಯಲ್ಲಿ ಕಾಯಿಸಿದರೆ ಮೂರೂಮುಕ್ಕಾಲು ರೂಪಾಯಿ ಚಿಲ್ಲರೆ. ಗ್ಯಾಸ್ ಗೀಸರಿನಲ್ಲಿ ಮೂರು ರೂಪಾಯಿಯ ಒಳಗೆ. ಅಂದರೆ ಎಲ್ಲ ಅಕ್ಕಪಕ್ಕದಲ್ಲೇ ಇವೆ.

ಇನ್ನು ಸೌದೆ. ಒಣಗಿದ ಸೌದೆಯ ಕೆ.ಜಿ.ಯೊಂದರಲ್ಲಿ ಸುಮಾರು 3500 ಕಿಲೋ ಕ್ಯಾಲೊರಿ ಇದ್ದರೂ ನಮ್ಮ ಬಚ್ಚಲೊಲೆಯಲ್ಲಿ ನೂರಕ್ಕೆ ಹದಿನೈದು ಭಾಗ ನೀರಿಗೆ ಹೋದರೆ ಅದೇ ಹೆಚ್ಚು. ಉಳಿದದ್ದು ಗೋಡೆಗೆ, ಹೊಗೆಗೆ. ಹಾಗಾಗಿ ಬಕೆಟ್ಟಿಗೆ ಮುಕ್ಕಾಲು ಕೆ.ಜಿ. ಬೇಕು. ಸೌದೆಯನ್ನು ಕೆ.ಜಿ.ಗೆ 8 ರೂಪಾಯಿಯಂತೆ ಕೊಂಡು ತಂದರೆ 6 ರೂಪಾಯಿ! ಬಡವರ ಉರುವಲು ಎನ್ನುವುದೇ ಎಲ್ಲಕ್ಕಿಂತ ದುಬಾರಿ. ತೋಟವಿದ್ದವರ ಮಾತು ಬೇರೆ. ಅಡಿಕೆ ಸಿಪ್ಪೆ, ತೆಂಗಿನ ಗರಿ, ಸೋಗೆ ಹೇಗೂ ಬಿದ್ದಿರುತ್ತವೆ. ಅವರು ಬೇಕಾದಷ್ಟು ಉರಿಸಲಿ.

ಸೌದೆ ಬಿಟ್ಟಿ ಎಂಬ ಭಾವನೆ ಈ ಊರಿಗೆ ಹೊಸದಲ್ಲ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದಾಗ ಅದಿರು ಕರಗಿಸಿದ್ದು ಮಲೆನಾಡಿನ ಕಾಡಿನ ಇದ್ದಿಲಿನಿಂದ. ಆದರೂ ಆ ಕಾರ್ಖಾನೆಯವರು ಜಾಣರು. ಮರವನ್ನು ಇದ್ದಿಲು ಮಾಡುವಾಗ ಏಳುವ ಹೊಗೆಯನ್ನೂ ಬಿಡದೆ ಹಿಡಿದು, ಅದರಿಂದ ಮೀಥೈಲ್ ಆಲ್ಕೋಹಾಲಿನಂಥ ರಾಸಾಯನಿಕಗಳನ್ನು ತೆಗೆದರು. ನಮ್ಮ ಬಚ್ಚಲೊಲೆಯ ಹೊಗೆ ಮಾತ್ರ ಒಲೆ ಊದುವವಳ ಎದೆಗೇ ಹೋಗುತ್ತದೆ.

ಗ್ಯಾಸ್ ಗೀಸರ್ ಅಗ್ಗವೆಂದೆನಲ್ಲ, ಅದಕ್ಕೊಂದು ಷರತ್ತಿದೆ. ಬಾಗಿಲು ಕಿಟಕಿ ಮುಚ್ಚಿದ ಸಣ್ಣ ಬಚ್ಚಲಿನಲ್ಲಿ ಅದು ಉರಿದರೆ ಗಾಳಿಯಲ್ಲಿನ ಆಮ್ಲಜನಕ ಇಳಿದು ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ತಲೆ ಸುತ್ತಿದ್ದು ತಿಳಿಯುವಷ್ಟರಲ್ಲಿ ಕಾಲಲ್ಲಿ ಶಕ್ತಿಯಿರುವುದಿಲ್ಲ. ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಹಾಕಿಸಿ, ಒಳಕ್ಕೆ ಬರೀ ನಲ್ಲಿ ತನ್ನಿ. ಉಳಿತಾಯವಾಗುವ ಎಂಟಾಣೆಗಾಗಿ ಜೀವ ಪಣಕ್ಕಿಡಬೇಕಿಲ್ಲ.

ಕರೆಂಟಿನಲ್ಲೂ ಒಂದು ಗುಟ್ಟಿದೆ. ನಾಲ್ಕು ಜನರಿಗೆ ದಿನಕ್ಕೊಂದು ಬಕೆಟ್ಟಿನಂತೆ ತಿಂಗಳಿಗೆ 56 ಯೂನಿಟ್. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ 200 ಯೂನಿಟ್ ಎಲ್ಲರಿಗೂ ಬಿಟ್ಟಿ ಎಂದು ಅನೇಕರು ತಿಳಿದಿದ್ದಾರೆ. ಯೋಜನೆ ಹೇಳಿದ್ದು ಹಿಂದಿನ ವರ್ಷದ ಸರಾಸರಿ ಬಳಕೆ, ಅದರ ಮೇಲೆ ನೂರಕ್ಕೆ ಹತ್ತು. ಅದನ್ನು ಮೀರಿದ ಯೂನಿಟ್ಟಿಗೆ ಹಣ ಕಟ್ಟಬೇಕು. 200 ದಾಟಿದರೆ ಇಡೀ ಬಿಲ್ಲು ನಮ್ಮದೇ. ಅಂಚಿನಲ್ಲಿರುವ ಮನೆಗೆ ಗೀಸರಿನ ಕೊನೆಯ ಒಂದು ಬಕೆಟ್ ಸಾವಿರ ರೂಪಾಯಿಗೂ ಮೀರಿ ಬೀಳಬಹುದು.

ಶಿವಮೊಗ್ಗದ ನಮ್ಮ ಮನೆಯಲ್ಲಿ ಸೋಲಾರ್ ಇದೆ. ಬೇಸಿಗೆಯಲ್ಲಿ ನೀರು ಕೈ ಸುಡುತ್ತದೆ, ಆಗ ಯಾರಿಗೂ ಬೇಡ. ಜೂನ್‌ನಿಂದ ಮೋಡ ಕವಿದು ಬಿಸಿನೀರು ಬೇಕೇಬೇಕಾದಾಗ ಅದಕ್ಕೆ ರಜೆ. ಆಗ ಗೀಸರ್. ನನ್ನಾಕೆಗೂ ನನಗೂ ಜಗಳವಾಗುವುದು ಅದರ ಸ್ವಿಚ್ಚಿನ ಮೇಲೇ. ಬಿಸಿನೀರು ತುಂಬಿದ ಗೀಸರ್ ಸುಮ್ಮನೆ ನಿಂತಿದ್ದರೂ ಶಾಖ ಕಳೆದುಕೊಳ್ಳುತ್ತಲೇ ಇರುತ್ತದೆ. ಸ್ನಾನಕ್ಕೆ ಹದಿನೈದು ನಿಮಿಷ ಮುಂಚೆ ಹಾಕಿ, ಮುಗಿದೊಡನೆ ಆರಿಸಿದರಾಯಿತು. ಮರೆಯುವವನು ನಾನೇ ಎಂಬುದು ಬೇರೆ ಮಾತು.

ಹುಡುಗಿಯ ಪುಸ್ತಕದಲ್ಲಿ ಕೊನೆಗೆ ಸರಿಯನ್ನೂ ಹಾಕಲಿಲ್ಲ, ತಪ್ಪನ್ನೂ ಹಾಕಲಿಲ್ಲ. 'ಸೌದೆ ತೂಗಿ ನೋಡು, ಅಮ್ಮ ಎಷ್ಟು ಗಂಟೆಗೆ ಏಳುತ್ತಾರೆ ಬರೆ' ಎಂದು ಬರೆದೆ. ಹಂಡೆಗೆ ಮುಚ್ಚಳ ಮುಚ್ಚು, ತಳದ ಮಸಿ ಕೆರೆದು ತೆಗೆ, ಸೌದೆ ಚೆನ್ನಾಗಿ ಒಣಗಿರಲಿ ಎಂದೂ ಹೇಳಿದೆ. ಹಸಿ ಸೌದೆಯ ಶಾಖವೆಲ್ಲ ಮೊದಲು ಅದರ ನೀರನ್ನೇ ಒಣಗಿಸಲು ವ್ಯರ್ಥವಾಗುತ್ತದಲ್ಲ.

ವಾರದ ಮೇಲೆ ಪುಸ್ತಕ ತಂದಳು. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿದ್ದಳಂತೆ. ಐದು ಜನರ ಸ್ನಾನಕ್ಕೆ ಮೊದಲು ನಾಲ್ಕು ಕೆ.ಜಿ., ಈಗ ಮೂರು. ಅದರ ಕೆಳಗೆ: 'ಅಮ್ಮ ಮೊದಲು ನಾಲ್ಕೂವರೆಗೆ ಏಳುತ್ತಿದ್ದರು, ಈಗ ನಾಲ್ಕೂ ಮುಕ್ಕಾಲಿಗೆ. ಸೌದೆಗೆ ವಾರಕ್ಕೆ ಮೂರು ಸಲ ಹೋಗುತ್ತಿದ್ದರು, ಈ ವಾರ ಎರಡೇ ಸಲ ಹೋದರು.'