ಹಳೆಯ ಪಾತ್ರೆ: ಸಂಗ್ರಹಕ್ಕೆ ಯೋಗ್ಯ, ಅಡಿಗೆಗೆ ಎಚ್ಚರ

ವಿಶಾಖಪಟ್ಟಣ, ವಿಜಯವಾಡಗಳಲ್ಲಿ ಉದ್ಯೋಗನಿಮಿತ್ತ ನೆಲೆಸಿರುವ ಕನ್ನಡ ಕುಟುಂಬಗಳ ಅಟ್ಟದಲ್ಲಿ ಹಿತ್ತಾಳೆಯ ಕಾಫಿ ಫಿಲ್ಟರು, ಪಂಪು ಒತ್ತುವ ಸೀಮೆಎಣ್ಣೆ ಸ್ಟೌ, ಅಂತಸ್ತಿನ ಟಿಫಿನ್ ಕ್ಯಾರಿಯರುಗಳು ಮೂಲೆಗುಂಪಾಗಿರುವುದುಂಟು. ಮನೆ ಬದಲಿಸುವಾಗ ಅವು ಗುಜರಿಯ ತಕ್ಕಡಿಯನ್ನೇರುತ್ತವೆ. ಇದು ತಪ್ಪಬೇಕು.

ಶ್ರೀಕಾಕುಳಂ ಜಿಲ್ಲೆಯ ಬುಡಿತಿಯ ಕಂಚು-ಹಿತ್ತಾಳೆಯ ಕೈಕೆಲಸಕ್ಕೆ ಮನ್ನಣೆಯಿದೆ. ಯಂತ್ರದಲ್ಲಿ ತಯಾರಾದ ಪಾತ್ರೆಗೆ ಆ ಭಾಗ್ಯವಿಲ್ಲ. ಆದರೆ ನಮ್ಮ ಅಡಿಗೆಮನೆ ಆಧುನಿಕವಾದ ಕಥೆಗೆ ಅವೇ ಸಾಕ್ಷಿ. 1892ರಲ್ಲಿ ಸ್ವೀಡನ್ನಿನಲ್ಲಿ ರೂಪುಗೊಂಡ ಪ್ರೈಮಸ್ ಸ್ಟೌ ಮಸಿಯಿಲ್ಲದ ಉರಿಯನ್ನು ನೀಡಿತು. 1898ರಲ್ಲಿ ಮದರಾಸಿನ ಕಲಾಶಾಲೆಯಲ್ಲಿ ಆಲ್‌ಫ್ರೆಡ್ ಚಾಟರ್ಟನ್ ಅಲ್ಯೂಮಿನಿಯಂ ಪಾತ್ರೆಗಳ ತಯಾರಿಕೆಯನ್ನು ಆರಂಭಿಸಿದರು. 1910ರಲ್ಲಿ ಬಂಗಾಳದ ಇಂದುಮಾಧವ ಮಲ್ಲಿಕರು ಹಬೆಯಲ್ಲಿ ಬೇಯಿಸುವ ಇಕ್ಮಿಕ್ ಕುಕ್ಕರನ್ನು ನಿರ್ಮಿಸಿದರು.

ಸಂಗ್ರಹಿಸುವುದು ಬೇರೆ, ಬಳಸುವುದು ಬೇರೆ. ಕಲಾಯಿ ಸವೆದ ಹಿತ್ತಾಳೆಯಲ್ಲಿ ಹುಳಿ, ಸಾರು, ಮಜ್ಜಿಗೆಗಳನ್ನಿಟ್ಟರೆ ತಾಮ್ರವು ಆಹಾರದಲ್ಲಿ ಕರಗಿ ವಾಂತಿ, ಹೊಟ್ಟೆನೋವುಗಳಿಗೆ ಕಾರಣವಾಗುತ್ತದೆ. ಹಳೆಯ ಬೆಸುಗೆಯಲ್ಲಿ ಸೀಸವೂ ಇರಬಹುದು; ಮಕ್ಕಳಿಗೆ ಅದು ವಿಶೇಷವಾಗಿ ಅಪಾಯಕರ. ಶುದ್ಧ ತವರದಿಂದ ಕಲಾಯಿ ಮಾಡಿಸಿದ ಪಾತ್ರೆಯನ್ನೂ ಬರಿದಾಗಿ ಉರಿಯ ಮೇಲಿಡಬಾರದು. 232 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ತವರ ಕರಗುತ್ತದೆ. ಸಂದೇಹವಿದ್ದರೆ ಕಪಾಟಿನಲ್ಲಿಡುವುದೇ ಲೇಸು.

ಎಲ್ಲವನ್ನೂ ಉಳಿಸಿಕೊಳ್ಳಲು ಪಟ್ಟಣದ ಮನೆಯಲ್ಲಿ ಸ್ಥಳವಿರದು. ಒಂದೆರಡನ್ನು ಆರಿಸಿ, ತಯಾರಕರ ಮುದ್ರೆ ಅಳಿಯದಂತೆ ಮೃದುವಾಗಿ ಒರೆಸಿ, ಯಾರು, ಎಂದು, ಯಾವ ಊರಿನಿಂದ ತಂದದ್ದೆಂದು ಚೀಟಿಯಲ್ಲಿ ಬರೆದಿಡಬೇಕು. ತಕ್ಕಡಿಗೆ ಲೋಹದ ತೂಕವಷ್ಟೇ ತಿಳಿದೀತು. ಉಳಿದುದನ್ನು ಹಿರಿಯರಿರುವಾಗಲೇ ಕೇಳಿ ಬರೆದುಕೊಳ್ಳುವುದು ಕಿರಿಯರ ಕರ್ತವ್ಯ.